ಕತೆ ಕಳಿಸಿದ ಮೇಲೆ ಏನು ಮಾಡಬೇಕು?

ಸುಧಾಗೋ ಮಯೂರಕ್ಕೋ ತುಷಾರಕ್ಕೋ, ಅಂಥ ಯಾವುದೋ ಪತ್ರಿಕೆಗೆ ಕತೆ ಮೇಲ್ ಮಾಡಿದಿರಿ. ಎರಡು ತಿಂಗಳಾಯಿತು, ಆ ಕಡೆಯಿಂದ ಸದ್ದೇ ಇಲ್ಲ. ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟು ಕಳಿಸುತ್ತಿದ್ದ ಕಾಲದಲ್ಲಿ ಕತೆ ಬೇಡ ಅನ್ನುವ ವಿಷಾದ ಪತ್ರವಾದರೂ ಬರುತ್ತಿತ್ತು. ಒಂದು ದಿನ ಬೇಜಾರು, ಅಲ್ಲಿಗೆ ಮುಗಿಯಿತು. ಈಗ ಅದೂ ಇಲ್ಲ.

ಮೊದಲು ಒಂದು ನೋಟ್‌ಬುಕ್ ಇಡಿ. ಕತೆಯ ಹೆಸರು, ಎಲ್ಲಿಗೆ ಕಳಿಸಿದ್ದು, ತಾರೀಖು. ಮೂರು ತಿಂಗಳು ಸುಮ್ನೆ ಇರಿ. ಆಮೇಲೆ ಎರಡೇ ಸಾಲಿನ ಮೇಲ್ ಹಾಕಿ: ಇಂಥ ದಿನ ಈ ಕತೆ ಕಳಿಸಿದ್ದೆ, ಪರಿಶೀಲನೆಯಲ್ಲಿದೆಯೇ? ಹದಿನೈದು ದಿನವಾದರೂ ಉತ್ತರ ಬರದಿದ್ದರೆ ಕತೆ ವಾಪಸ್ ಪಡೆಯುತ್ತಿದ್ದೇನೆ ಅಂತ ಬರೆದು ತಿಳಿಸಿ, ಬೇರೆ ಕಡೆ ಕಳಿಸಿ. ತಿಳಿಸುವುದನ್ನು ಮಾತ್ರ ಮರೆಯಬೇಡಿ. ನಾನು ಮರೆತು, ಒಂದೇ ಕತೆ ಒಂದೇ ತಿಂಗಳು ಎರಡು ಪತ್ರಿಕೆಯಲ್ಲಿ ಬಂದು, ಇಬ್ಬರು ಸಂಪಾದಕರ ಹತ್ತಿರವೂ ಬೈಸಿಕೊಂಡಿದ್ದೇನೆ. ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ 'ಸರ್, ಓದಿದ್ರಾ?' ಅನ್ನುವುದಂತೂ ಬೇಡ, ದೀಪಾವಳಿ ವಿಶೇಷಾಂಕದ ಹೊತ್ತಿನಲ್ಲಿ ಬೇಡವೇ ಬೇಡ.

ಯೂನಿಕೋಡ್ ಫೈಲ್ ಜೊತೆ ಪಿಡಿಎಫ್ ಕೂಡ ಕಳಿಸಿ. ಪುಟ ಕಟ್ಟುವವರು ಯೂನಿಕೋಡ್ ಫೈಲನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಪಿಡಿಎಫ್ ಇದ್ದರೆ ಹೋಲಿಸಿ ನೋಡಬಹುದು.

ಇನ್ನು ತಿದ್ದುಪಡಿ. ಸಂಪಾದಕರು ಮೊದಲ ಪ್ಯಾರಾ ತೆಗೆಯೋಣ ಅಂದರೆ ಜಗಳಕ್ಕೆ ಹೋಗಬೇಡಿ. ಬೆಳಗಾಯಿತು, ಹಕ್ಕಿ ಕೂಗಿತು, ಅವನು ಎದ್ದ ಅನ್ನುವ ಪ್ಯಾರಾ ನಮಗೆ ಕತೆಯೊಳಗೆ ಹೋಗಲು ಬೇಕಾಗಿತ್ತು, ಓದುವವರಿಗೆ ಬೇಕಿಲ್ಲ. ಜಾಗ ಸಾಲದು, 400 ಪದ ಇಳಿಸಿ ಅಂದರೆ ನೀವೇ ಇಳಿಸಿ ಕೊಡಿ. ಇಲ್ಲದಿದ್ದರೆ ಕೊನೆಯ ಗಳಿಗೆಯಲ್ಲಿ ಯಾರೋ ಬಾಲದಿಂದ ಕತ್ತರಿಸುತ್ತಾರೆ.

ಪಟ್ಟು ಹಿಡಿಯಬೇಕಾದ್ದು ಮಾತಿನ ವಿಷಯದಲ್ಲಿ. ನನ್ನ ಕತೆಯಲ್ಲಿ ಧಾರವಾಡದ ಕಡೆಯ ಮುದುಕಿಯೊಬ್ಬಳು 'ನಾ ಒಲ್ಲೆ, ನೀ ಹೋಗು' ಅಂದಿದ್ದಳು. ಅಚ್ಚಾದಾಗ ನೋಡಿದರೆ 'ನನಗೆ ಇಷ್ಟವಿಲ್ಲ, ನೀನು ಹೋಗು' ಅನ್ನುತ್ತಿದ್ದಾಳೆ! ಅವ್ವ ಅಮ್ಮ ಆಗಿದ್ದಳು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಕರಡು ತಿದ್ದಿದವರಿಗೆ ಅದು ತಪ್ಪಾಗಿ ಕಂಡಿರಬೇಕು. ಅದಾದ ಮೇಲೆ ನಾನು ಮೇಲ್‌ನಲ್ಲೇ ಬರೆಯುತ್ತೇನೆ: ಸಂಭಾಷಣೆ ಧಾರವಾಡದ ಕಡೆಯದು, ಕಾಗುಣಿತ ಬೇಕೆಂದೇ ಹಾಗಿದೆ, ಅರ್ಥವಾಗದ ಪದವಿದ್ದರೆ ಕೇಳಿ. ಈ ಒಂದು ಸಾಲಿನಿಂದ ಅರ್ಧ ಜಗಳ ತಪ್ಪಿದೆ. ಕೇಳಿದಾಗಲೂ 'ನಮ್ಮ ಕಡೆ ಹಿಂಗೇ' ಅಂದು ಬಿಡಬೇಡಿ. 'ಒಲ್ಲೆ' ಅಂದರೆ ಹಟವೂ ಇದೆ, ಬರೀ ಇಷ್ಟವಿಲ್ಲದಿರುವುದಲ್ಲ ಅಂತ ಬಿಡಿಸಿ ಹೇಳಿ, ಬಹಳಷ್ಟು ಸಂಪಾದಕರು ಒಪ್ಪುತ್ತಾರೆ.

ಒಪ್ಪದೇ ಬದಲಿಸಿಬಿಟ್ಟರೆ? ನಿಮ್ಮ ಮೂಲ ಫೈಲನ್ನು ಬೇರೆ ಹೆಸರಲ್ಲಿ ಎತ್ತಿಡಿ. ಮುಂದೆ ಸಂಕಲನ ಮಾಡುವಾಗ ಅದರಿಂದಲೇ ಅಚ್ಚು ಹಾಕಿಸಿ. ನನ್ನ ಅವ್ವ ಹಾಗೇ ವಾಪಸ್ ಬಂದಳು.