ಕಡತ ಮುಚ್ಚುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆ

ನಾನು ಲೆಕ್ಕಪರಿಶೋಧಕಿಯಾಗಿ ಇಪ್ಪತ್ತಾರು ವರ್ಷಗಳಾದವು. ಮೊದಲ ಹನ್ನೊಂದು ವರ್ಷ ಯಾವ ಗ್ರಾಹಕರನ್ನೂ "ಊರಿಗೆ ಏನಾದರೂ ಕೊಡುವ ಮನಸ್ಸಿದೆಯೇ?" ಎಂದು ಕೇಳಲಿಲ್ಲ. ಕೇಳಿದರೆ ಅಧಿಕಪ್ರಸಂಗವಾದೀತೆಂಬ ಅಳುಕು ಇತ್ತು. ಒಬ್ಬ ಹಿರಿಯರು ತೀರಿಕೊಂಡ ಮೇಲೆ ಅವರ ಆಸ್ತಿಯ ಲೆಕ್ಕ ಮುಗಿಸಿ ಕಾಗದಗಳನ್ನು ಒಪ್ಪಿಸುತ್ತಿದ್ದೆ. ಆಗ ಅವರ ಮಗಳು ಹೇಳಿದರು: "ತಾನು ಓದಿದ ಶಾಲೆಯ ಗ್ರಂಥಾಲಯಕ್ಕೆ ಏನಾದರೂ ಮಾಡಬೇಕೆಂದು ಅಪ್ಪ ಕೊನೆಯ ವರ್ಷವೆಲ್ಲ ಹೇಳುತ್ತಿದ್ದರು. ನಿಮ್ಮ ಹತ್ತಿರ ಹೇಳಿರುತ್ತಾರೆ ಎಂದುಕೊಂಡಿದ್ದೆವು." ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಉಯಿಲಿನಲ್ಲಿ ಶಾಲೆಯ ಹೆಸರು ಎಲ್ಲೂ ಇರಲಿಲ್ಲ. ಅಂದಿನಿಂದ ಗ್ರಾಹಕರನ್ನು ಆ ಪ್ರಶ್ನೆ ಕೇಳಿ, ಕೊಡಲು ಮನಸ್ಸಿರುವವರಿಗೆ ದಾರಿ ತೋರಿಸುವ ಕೆಲಸವನ್ನು ಶುಲ್ಕವಿಲ್ಲದೆ ಮಾಡುತ್ತಾ ಬಂದಿದ್ದೇನೆ. ವಕೀಲರು, ಲೆಕ್ಕಪರಿಶೋಧಕರು, ವಿಮೆ ಮತ್ತು ಹೂಡಿಕೆಯ ಸಲಹೆಗಾರರು ಇದನ್ನು ಹೇಗೆ ಶುರುಮಾಡಬಹುದು ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ.

ಮೊದಲು ಅಳುಕಿನ ಮಾತು. ಜನರ ನಡವಳಿಕೆಯನ್ನು ಅಧ್ಯಯನ ಮಾಡುವ ಬ್ರಿಟನ್ನಿನ ಬಿಹೇವಿಯರಲ್ ಇನ್‌ಸೈಟ್ಸ್ ಟೀಮ್ 2013ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿತು. ಫೋನಿನಲ್ಲಿ ಉಯಿಲು ಬರೆಸುವವರನ್ನು ಮೂರು ಗುಂಪು ಮಾಡಿದ್ದರು. ಮೊದಲ ಗುಂಪಿಗೆ ದಾನದ ಬಗ್ಗೆ ಏನೂ ಕೇಳಲಿಲ್ಲ. ನೂರಕ್ಕೆ 5 ಮಂದಿ ತಾವಾಗಿಯೇ ಸೇವಾಸಂಸ್ಥೆಗೆ ಹಣ ಬಿಟ್ಟರು. ಎರಡನೆಯ ಗುಂಪಿಗೆ ನೇರವಾಗಿ ಒಂದು ಪ್ರಶ್ನೆ ಹಾಕಿದರು, ಪ್ರಮಾಣ 10.4ಕ್ಕೆ ಏರಿತು. ಮೂರನೆಯ ಗುಂಪಿಗೆ, ನಮ್ಮ ಬಹಳ ಗ್ರಾಹಕರು ಹೀಗೆ ಬಿಡಲು ಇಷ್ಟಪಡುತ್ತಾರೆ, ನಿಮ್ಮ ಮನಸ್ಸಿಗೆ ಹತ್ತಿರವಾದ ಕಾರ್ಯ ಯಾವುದಾದರೂ ಇದೆಯೇ ಎಂದು ಕೇಳಿದರು; 15.4 ಆಯಿತು. ಈ ಗುಂಪಿನವರು ಬಿಟ್ಟ ಸರಾಸರಿ ಮೊತ್ತವೂ ಉಳಿದವರದಕ್ಕಿಂತ ಸುಮಾರು ಎರಡು ಪಟ್ಟಿತ್ತು. ಒತ್ತಾಯವಿಲ್ಲ, ಭಾಷಣವಿಲ್ಲ, ಬರೀ ಒಂದು ವಾಕ್ಯ. ಆ ಅಂಕಿಗಳನ್ನು ಓದಿದಾಗ ನನಗೆ ನೆನಪಾದದ್ದು ನಾನು ಬಾಯಿ ತೆರೆಯದೆ ಕಳೆದ ಹನ್ನೊಂದು ವರ್ಷ.

ಆದರೆ ಕೇಳುವುದಕ್ಕಿಂತ ಮುಂಚೆ ಊರನ್ನು ತಿಳಿದುಕೊಳ್ಳಬೇಕು. "ಎಲ್ಲಿಗೆ ಕೊಡಲಿ?" ಎಂದು ಗ್ರಾಹಕರು ಮರುಪ್ರಶ್ನೆ ಹಾಕಿದಾಗ ತಡವರಿಸಿದರೆ ಅವರ ಉತ್ಸಾಹ ಅಲ್ಲೇ ಇಳಿದುಬಿಡುತ್ತದೆ. ನಾನು ಎಂಟು ಶನಿವಾರಗಳನ್ನು ಇದಕ್ಕೆ ಎತ್ತಿಟ್ಟೆ. ಮುಂಚೆಯೇ ತಿಳಿಸಿ, ಒಪ್ಪಿಗೆ ಪಡೆದು, ವಾರಕ್ಕೊಂದು ಸಂಸ್ಥೆಗೆ ಹೋದೆ. ಲೆಕ್ಕ ಓದುವುದು ನಮ್ಮ ಕಸುಬಾದ್ದರಿಂದ ಅಲ್ಲಿಂದಲೇ ಆರಂಭಿಸಿ. ಕಳೆದ ಮೂರು ವರ್ಷಗಳ ಪರಿಶೋಧಿತ ಲೆಕ್ಕ, ನೋಂದಣಿ ಪತ್ರ, ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂಬುದು, ಆಡಳಿತ ಮಂಡಳಿಯ ಸಭೆಯ ನಡಾವಳಿ, ಇವನ್ನು ಕೇಳಿ ನೋಡಿ. ಮಂಡಳಿಯಲ್ಲಿ ಒಂದೇ ಮನೆಯವರು ತುಂಬಿದ್ದರೆ ಗುರುತು ಹಾಕಿಕೊಳ್ಳಿ. ಆಡಳಿತ ವೆಚ್ಚ ಕಡಿಮೆ ಇದ್ದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದೆಂದು ತೀರ್ಮಾನಿಸಬೇಡಿ. ಲೆಕ್ಕ ಬರೆಯಲು ಒಬ್ಬರಿಗೂ ಸಂಬಳ ಕೊಡಲಾಗದ ಸಂಸ್ಥೆ ನಾಳೆ ನಿಮ್ಮ ಗ್ರಾಹಕರ ಹಣಕ್ಕೆ ರಸೀದಿಯನ್ನೂ ಹೊತ್ತಿಗೆ ಸರಿಯಾಗಿ ಕೊಡಲಾರದು. ಕಾಗದಗಳೆಲ್ಲ ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ಮುಂದಿನ ವರ್ಷ ಈಗಿನ ಅರ್ಧದಷ್ಟೇ ಹಣ ಬಂದರೆ ಮೊದಲು ಯಾವುದನ್ನು ನಿಲ್ಲಿಸುತ್ತೀರಿ?" ಕೆಲಸವನ್ನು ಬಲ್ಲವರು ತಕ್ಷಣ ಉತ್ತರಿಸುತ್ತಾರೆ, ಮುಖದಲ್ಲಿ ಸಂಕಟವೂ ಕಾಣುತ್ತದೆ. ಉಳಿದವರು ಕರಪತ್ರ ಕೈಗಿಡುತ್ತಾರೆ.

ಕೇಳಲು ಹೊತ್ತು ಗೊತ್ತು ಬೇಕು. ಉಯಿಲು ಬರೆಯುವಾಗ, ಉದ್ಯಮವನ್ನೋ ಜಮೀನನ್ನೋ ಮಾರುವಾಗ, ನಿವೃತ್ತಿಯಾದಾಗ, ಮಕ್ಕಳಿಲ್ಲದ ದಂಪತಿ ನಾಮನಿರ್ದೇಶನದ ಅರ್ಜಿ ತುಂಬುವಾಗ ಹಣ ಹೇಗೂ ಜಾಗ ಬದಲಿಸುತ್ತಿರುತ್ತದೆ, ಮನಸ್ಸೂ ತೆರೆದಿರುತ್ತದೆ. ಸಾವು ನಡೆದ ಮನೆಯಲ್ಲಿ ಮಾತ್ರ ಮೊದಲ ಕೆಲವು ತಿಂಗಳು ಈ ಮಾತೆತ್ತಬೇಡಿ. ಮನೆಯವರೇ ಎತ್ತಿದರೆ ಕೇಳಿಸಿಕೊಳ್ಳಿ, ಬರೆದಿಟ್ಟುಕೊಳ್ಳಿ, ತೀರ್ಮಾನವನ್ನು ಮುಂದಕ್ಕೆ ಹಾಕಿ. ತೆರಿಗೆ ಕಟ್ಟುವ ಕೊನೆಯ ವಾರವೂ ಒಳ್ಳೆಯ ಹೊತ್ತಲ್ಲ. ಆಗ ಕೊಟ್ಟದ್ದು ಉಳಿತಾಯದ ಲೆಕ್ಕಕ್ಕೆ ಕೊಟ್ಟದ್ದಾಗಿರುತ್ತದೆ, ಮರುವರ್ಷ ಎಲ್ಲಿಗೆ ಕೊಟ್ಟೆವೆಂಬುದೇ ಮರೆತಿರುತ್ತದೆ.

ಹಾಗೆಂದು ತೆರಿಗೆಯ ವಿಷಯವನ್ನು ಮರೆಮಾಚಬೇಕಿಲ್ಲ, ಅದನ್ನು ತಿಳಿಸುವುದು ನಮ್ಮ ಕರ್ತವ್ಯ. ಆದರೆ ಮಾತು ಅಲ್ಲಿಂದ ಶುರುವಾಗಬಾರದು. ನಾನು ಕೇಳುವುದು ಹೀಗೆ: "ನಿಮ್ಮ ಮನೆಯವರಿಗೆ ಬೇಕಾದದ್ದೆಲ್ಲ ಬರೆದಾಯಿತು. ನಿಮ್ಮನ್ನು ಬೆಳೆಸಿದ ಜಾಗ, ಕಷ್ಟದಲ್ಲಿ ಕೈಹಿಡಿದ ಜನ ಯಾರಾದರೂ ನೆನಪಾಗುತ್ತಾರೆಯೇ?" ಕೇಳಿ ಸುಮ್ಮನಾಗುತ್ತೇನೆ. ಆ ಮೌನವನ್ನು ತಡೆದುಕೊಳ್ಳುವುದೇ ಈ ಕೆಲಸದಲ್ಲಿ ಕಲಿಯಲು ಕಷ್ಟವಾದದ್ದು. ನಮಗೆ ಉತ್ತರ ಕೊಟ್ಟು ಅಭ್ಯಾಸ. ಅರ್ಧ ನಿಮಿಷ ಕಳೆಯುವುದರೊಳಗೆ ನಾವೇ ಎರಡು ಹೆಸರು ಹೇಳಿಬಿಡುತ್ತೇವೆ. ಹೇಳಬೇಡಿ. ಉದ್ಯಮ ಮಾರಿದ ಗ್ರಾಹಕರೊಬ್ಬರು ಆ ಮೌನದಲ್ಲಿ ಕಿಟಕಿಯ ಕಡೆ ನೋಡುತ್ತಾ ಕುಳಿತಿದ್ದು, ನಲವತ್ತು ವರ್ಷಗಳ ಹಿಂದೆ ತನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ತಾನು ಹೊರಗೆ ಮೆಟ್ಟಿಲ ಮೇಲೆ ಮಲಗಿದ್ದನ್ನು ಹೇಳಿದರು. ರೋಗಿಗಳ ಜೊತೆ ಬಂದವರಿಗೆ ತಂಗಲು ಒಂದು ಕೋಣೆ ಎಂಬ ಯೋಚನೆ ಅಲ್ಲೇ ಹುಟ್ಟಿತು. ನನ್ನ ಪಟ್ಟಿಯಲ್ಲಿ ಅಂಥದ್ದು ಇರಲೇ ಇಲ್ಲ. "ನನಗೆ ಆಸಕ್ತಿಯಿಲ್ಲ" ಎಂದವರಿಗೆ ಸರಿ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗಿ; ಅವರನ್ನು ನೋಡುವ ನಿಮ್ಮ ದೃಷ್ಟಿ ಎಳ್ಳಷ್ಟೂ ಬದಲಾಗಬಾರದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ನಾನು ಒಂದು ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದೆ. ಆ ವಿಷಯ ತಿಳಿಸದೆಯೇ ಗ್ರಾಹಕರೊಬ್ಬರಿಗೆ ಅದರ ಹೆಸರು ಸೂಚಿಸಿದೆ. ಅವರು ನನ್ನ ಮೇಲಿನ ಗೌರವಕ್ಕೆ ಕೊಟ್ಟರು. ಆಮೇಲೆ ವಾರ್ಷಿಕ ವರದಿಯಲ್ಲಿ ನನ್ನ ಹೆಸರು ನೋಡಿ ಫೋನ್ ಮಾಡಿದರು. "ಮೊದಲೇ ಹೇಳಿದ್ದರೂ ಕೊಡುತ್ತಿದ್ದೆ" ಎಂದರು. ಮರುವರ್ಷ ತಮ್ಮ ಲೆಕ್ಕವನ್ನು ಬೇರೆಯವರಿಗೆ ಒಪ್ಪಿಸಿದರು. ಅವರು ಮಾಡಿದ್ದು ಸರಿಯೇ. ಈಗ ನಾನು ಯಾವ ಸಂಸ್ಥೆಗಳಲ್ಲಿ ಇದ್ದೇನೆಂಬುದನ್ನು ಮಾತಿಗೆ ಮುಂಚೆಯೇ ಬರೆದು ಕೊಡುತ್ತೇನೆ, ಆ ಸಂಸ್ಥೆಗಳ ಹೆಸರನ್ನು ನಾನಾಗಿ ಎತ್ತುವುದಿಲ್ಲ. ಸೂಚಿಸಿದ್ದಕ್ಕೆ ಯಾರಿಂದಲೂ ದಲ್ಲಾಳಿ ಹಣವಾಗಲಿ, ಸನ್ಮಾನವಾಗಲಿ, ಲೆಕ್ಕ ಬರೆಯುವ ಕೆಲಸವಾಗಲಿ ಪಡೆಯುವುದಿಲ್ಲ. ಸ್ವಯಂಸೇವೆ ಎಂಬ ಮಾತಿಗೆ ಇಷ್ಟು ಬಿಗಿ ಇರಲೇಬೇಕು.

ಕೊಡಲು ಮನಸ್ಸು ಮಾಡಿದ ಮೇಲೆ ಬರವಣಿಗೆಯ ಕೆಲಸ. ದತ್ತಿಯ ಉದ್ದೇಶವನ್ನು ತೀರ ಬಿಗಿಯಾಗಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆಯಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಮೇಯರ್ ಆಗಿದ್ದ ಬ್ರಯನ್ ಮುಲಾನ್ಫಿ 1851ರಲ್ಲಿ ತೀರಿಕೊಂಡಾಗ ಆಸ್ತಿಯ ಮೂರನೆಯ ಒಂದು ಪಾಲನ್ನು, ಪಶ್ಚಿಮದಲ್ಲಿ ನೆಲೆಸಲು ಹೊರಟು ಆ ನಗರಕ್ಕೆ ಬರುವ ಬಡ ವಲಸಿಗರಿಗೆಂದು ಬಿಟ್ಟಿದ್ದರು. ಆಗ ಅದು ನಿಜವಾದ ಅಗತ್ಯ. ಕಾಲ ಸರಿದು ಅಂಥ ವಲಸಿಗರು ವಿರಳವಾದರು, ನಿಧಿ ಮಾತ್ರ ಉಳಿಯಿತು. ಸತ್ತವರ ಕೈ ಬದುಕಿರುವವರ ಅಗತ್ಯವನ್ನು ಹೀಗೆ ಹಿಡಿದಿಡುವುದನ್ನು ಕಂಡು ಚಿಂತಿಸಿದವರು ಅದೇ ದೇಶದ ಕ್ಲೀವ್‌ಲ್ಯಾಂಡ್ ನಗರದ ಫ್ರೆಡರಿಕ್ ಗಾಫ್. ಅವರು ವಕೀಲರು, ಆಮೇಲೆ ಇತರರ ಆಸ್ತಿಯನ್ನು ನೋಡಿಕೊಳ್ಳುವ ಟ್ರಸ್ಟ್ ಬ್ಯಾಂಕೊಂದರ ಅಧ್ಯಕ್ಷರು. ಅಂದರೆ ನಮ್ಮ ಮೇಜಿನ ಈಚೆ ಕುಳಿತವರು. 1914ರಲ್ಲಿ ಅವರು ಕಟ್ಟಿದ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಮೊದಲ ಸಮುದಾಯ ನಿಧಿ. ಅನೇಕರ ದತ್ತಿಗಳನ್ನು ಒಂದೆಡೆ ಇಟ್ಟು, ಕಾಲಕಾಲಕ್ಕೆ ಊರಿನ ಅಗತ್ಯ ನೋಡಿ ಸ್ಥಳೀಯರ ಸಮಿತಿಯೊಂದು ಹಂಚುವ ಏರ್ಪಾಡು ಅದು. ಆ ಮಾದರಿ ಆಮೇಲೆ ಬಹಳ ದೇಶಗಳಿಗೆ ಹಬ್ಬಿತು.

ಆದ್ದರಿಂದ ದತ್ತಿಯ ಉದ್ದೇಶವನ್ನು ಬರೆಯುವಾಗ "ಇಂಥ ಕಟ್ಟಡಕ್ಕೆ" ಎನ್ನುವ ಬದಲು "ಈ ಊರಿನ ಮಕ್ಕಳ ಓದಿಗೆ" ಎಂದು ಬರೆಸಿ. ಸಂಸ್ಥೆ ಮುಚ್ಚಿದರೆ ಅಥವಾ ಉದ್ದೇಶ ತೀರಿದರೆ ಹಣ ಎಲ್ಲಿಗೆ ಹೋಗಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಒಂದು ಸಾಲು ಇರಲೇಬೇಕು. ಸಂಸ್ಥೆಯ ನೋಂದಾಯಿತ ಹೆಸರನ್ನು ಅಕ್ಷರಕ್ಷರ ಸರಿಯಾಗಿ ಬರೆಯಿರಿ. ಊರಲ್ಲಿ ಕರೆಯುವ ಹೆಸರೇ ಬೇರೆ ಇರುತ್ತದೆ, ಒಂದೇ ಹೆಸರಿನ ಎರಡು ಸಂಸ್ಥೆಗಳೂ ಇರುತ್ತವೆ. ಮೊತ್ತಕ್ಕಿಂತ ಪಾಲು ವಾಸಿ. ಇಷ್ಟು ಹಣ ಎಂದು ಬರೆದರೆ ಇಪ್ಪತ್ತು ವರ್ಷಗಳಲ್ಲಿ ಬೆಲೆಯೇರಿಕೆ ಅದನ್ನು ಕರಗಿಸುತ್ತದೆ. ನೂರಕ್ಕೆ ಇಷ್ಟು ಎಂದರೆ ಆಸ್ತಿಯ ಜೊತೆ ಅದೂ ಏರಿಳಿಯುತ್ತದೆ, ಮಕ್ಕಳ ಪಾಲಿಗೂ ಧಕ್ಕೆಯಾಗದು. ಸಾಧ್ಯವಾದರೆ ಆ ಮಕ್ಕಳನ್ನೂ ಒಮ್ಮೆ ಕೂರಿಸಿ ಮಾತಾಡಿಸಿ. ದತ್ತಿಯ ಸಂಗತಿ ತಂದೆ ಸತ್ತ ಮೇಲೆ ಕಾಗದದಲ್ಲಿ ತಿಳಿದರೆ ಜಗಳಕ್ಕೆ ದಾರಿ. ತಂದೆಯ ಬಾಯಿಂದಲೇ ಕೇಳಿದರೆ ಎಷ್ಟೋ ಸಲ ಮಕ್ಕಳೂ ತಮ್ಮ ಪಾಲು ಸೇರಿಸುತ್ತಾರೆ.

ಒಬ್ಬರೇ ಮಾಡಿದರೆ ದಣಿವಾಗುತ್ತದೆ, ಒಬ್ಬರ ಒಲವೇ ಊರಿನ ಅಗತ್ಯವೆಂಬ ಭ್ರಮೆಯೂ ಹುಟ್ಟುತ್ತದೆ. ನಾವು ಐದು ಜನ ಎರಡು ತಿಂಗಳಿಗೊಮ್ಮೆ ಸೇರುತ್ತೇವೆ: ಇಬ್ಬರು ವಕೀಲರು, ಒಬ್ಬ ವಿಮಾ ಸಲಹೆಗಾರ, ಒಬ್ಬ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕಿ, ನಾನು. ಗ್ರಾಹಕರ ಹೆಸರು, ಆಸ್ತಿಯ ಸುಳಿವು ಅಲ್ಲಿ ಬಾಯಿಗೆ ಬರಕೂಡದು. ಪರಸ್ಪರ ಗ್ರಾಹಕರನ್ನು ಕಳಿಸಿಕೊಳ್ಳುವ ಕೂಟವೂ ಅದಾಗಕೂಡದು. ನೋಡಿ ಬಂದ ಸಂಸ್ಥೆಗಳ ಟಿಪ್ಪಣಿಗಳನ್ನು ಹಂಚಿಕೊಂಡು, ಹಳೆಯದಾದವನ್ನು ತಿದ್ದಿ ಏಳುತ್ತೇವೆ.

ಬದುಕಿರುವಾಗಲೇ ಕೊಟ್ಟವರ ಕಡತದ ಮೇಲೆ ನಾನು ಒಂದು ವರ್ಷ ಮುಂದಿನ ತಾರೀಖನ್ನು ಬರೆದಿಡುತ್ತೇನೆ. ಆ ದಿನ ಅವರಿಗೆ ಫೋನ್ ಮಾಡಿ, ಹೋಗಿ ನೋಡಿದಿರಾ ಎಂದು ಕೇಳುತ್ತೇನೆ. ನೋಡಿಲ್ಲವೆಂದರೆ ಜೊತೆಗೆ ಹೋಗುತ್ತೇನೆ. ಉದ್ಯಮ ಮಾರಿದ ಆ ಗ್ರಾಹಕರ ಜೊತೆ ಹೋದಾಗ ತಂಗುಕೋಣೆಯಲ್ಲಿ ಹುಡುಗನೊಬ್ಬ ಚೀಲವನ್ನು ತಲೆದಿಂಬು ಮಾಡಿಕೊಂಡು ಗಾಢ ನಿದ್ರೆಯಲ್ಲಿದ್ದ. ಅವರು ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದು, ಸದ್ದಾಗದಂತೆ ಹೊರಬಂದು, ಇನ್ನೂ ನಾಲ್ಕು ಹಾಸಿಗೆ ಹಿಡಿಸುವಷ್ಟು ಜಾಗ ಇದೆಯೇ ಎಂದು ನನ್ನನ್ನು ಕೇಳಿದರು.