ನೋಟಿಸು ಕಿವಿಗೂ ತಲುಪಬೇಕು: ಕಾಲೇಜಿನ ವೆಬ್‌ಸೈಟ್ ತಿದ್ದಿದ ನನ್ನ ಅನುಭವ

ಕೊಪ್ಪಳದ ಒಂದು ಪದವಿ ಕಾಲೇಜಿನ ವೆಬ್‌ಸೈಟ್ ತಿದ್ದುವ ಕೆಲಸ ಒಪ್ಪಿಕೊಂಡಾಗ ಮೊದಲು ಹೋಗಿ ಕೂತದ್ದು ಅಲ್ಲಿನ ಕಣ್ಣು ಕಾಣದ ವಿದ್ಯಾರ್ಥಿಯ ಪಕ್ಕ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಬಳಸುವವನು. ಪರೀಕ್ಷಾ ಶುಲ್ಕದ ನೋಟಿಸು ತೆರೆದು, "ಸರ್, ಇದು ಕನ್ನಡ ಓದವಲ್ದು ನೋಡ್ರಿ. ಬರೇ ಪಿ, ಎ ಅನ್ನಾಕತ್ತೈತಿ" ಅಂದ.

ಅದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ತೆರೆಯ ಮೇಲೆ "ಕ" ಕಾಣುತ್ತದೆ. ಕಡತದೊಳಗೆ ಇರುವುದು ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೆರೆಯಿರುವ ಎ. ಸ್ಕ್ರೀನ್ ರೀಡರ್ ಆ ಒಳಗಿನ ಅಕ್ಷರವನ್ನೇ ಓದುತ್ತದೆ. ಕನ್ನಡ ಸೈಟಿನಲ್ಲಿ ಎಲ್ಲಕ್ಕಿಂತ ಮೊದಲು ಇದನ್ನೇ ನೋಡಬೇಕು ಎನ್ನುವವನು ನಾನು. ಬಣ್ಣ, ಬಟನ್ ಎಲ್ಲ ಆಮೇಲೆ.

ಹಳೆಯ ನೋಟಿಸುಗಳನ್ನು, ಕಡತದೊಳಗೂ ಕನ್ನಡ ಅಕ್ಷರವೇ ಇರುವ ಯುನಿಕೋಡ್‌ಗೆ ಪರಿವರ್ತಿಸಿದೆ. ಪರಿವರ್ತಕವನ್ನು ಪೂರ್ತಿ ನಂಬಬಾರದು: ಅರ್ಕಾವತ್ತು ಜಾಗ ತಪ್ಪುತ್ತದೆ, ನಡುವೆ ಬರುವ ಇಮೇಲ್ ವಿಳಾಸವೂ ಕನ್ನಡದ ಗೋಜಲಾಗಿಬಿಡುತ್ತದೆ. ಅದಕ್ಕೇ ಕರಡನ್ನು ಕಿವಿಯಿಂದಲೇ ತಿದ್ದಿದೆ. ಎನ್‌ವಿಡಿಎ ಓದುತ್ತ ಹೋಗುತ್ತಿತ್ತು, ಎಡವಿದಲ್ಲಿ ನಿಲ್ಲಿಸಿ ಸರಿಪಡಿಸುತ್ತಿದ್ದೆ. ಪುಟದ ಭಾಷೆ ಕನ್ನಡವೆಂದು, ವೆಬ್ ಪುಟ ಕಟ್ಟುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲೂ ನಮೂದಿಸಿದೆ. ಇಲ್ಲದಿದ್ದರೆ ಸರಿಯಾದ ಯುನಿಕೋಡನ್ನೂ ಇಂಗ್ಲಿಷ್ ಧ್ವನಿ ಓದಲು ಹೋಗಿ ತಡವರಿಸಬಹುದು.

"ಒಬ್ಬ ಹುಡುಗನ ಸಲುವಾಗಿ ಇಷ್ಟೆಲ್ಲ ಬೇಕೇನ್ರಿ?" ಎಂದು ಆಫೀಸಿನಲ್ಲಿ ಕೇಳಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಮಾತು ತೆಗೆಯಬಹುದಿತ್ತು. ತೆಗೆಯಲಿಲ್ಲ. "ಫೀ ಕಟ್ಟೋ ಕಡೀ ತಾರೀಖು ಅವನಿಗೂ ಅದೇ ಅಲ್ಲೇನ್ರಿ ಸರ್" ಅಂದೆ. ಒಪ್ಪಿದರು.

ಪುಟದ ತಲೆಯಲ್ಲಿದ್ದ ಕೊಪ್ಪಳ ಕೋಟೆಯ ಚಿತ್ರ ಬರೀ ಅಲಂಕಾರ. ಅದರ ಆಲ್ಟ್ ಪಠ್ಯ, ಅಂದರೆ ಚಿತ್ರದ ಬದಲು ರೀಡರ್ ಓದುವ ವಿವರಣೆ, ಖಾಲಿ ಬಿಟ್ಟೆ. ರೀಡರ್ ದಾಟಿಕೊಂಡು ಹೋಗುತ್ತದೆ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಬಡಿಸುತ್ತಿರುವ ಫೋಟೊಗೆ ಮಾತ್ರ ಅಷ್ಟನ್ನೂ ಬರೆದೆ. "ಫೋಟೊ 3" ಅಂತಿದ್ದರೆ ಯಾರಿಗೇನು ತಿಳಿದೀತು?

ಉಳಿದದ್ದು ಬೇಗ ಮುಗಿಯಿತು. ಅರ್ಜಿಯ ಪ್ರತಿ ಖಾನೆಗೂ ಲೇಬಲ್, ವೇಳಾಪಟ್ಟಿಯ ಕೋಷ್ಟಕಕ್ಕೆ ತಲೆಸಾಲು, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಲ್ಲೇ ಎಲ್ಲ ತುಂಬಲು ಬರುವಂತೆ. ಮಸುಕು ಬೂದು ಅಕ್ಷರಗಳನ್ನು ಗಾಢಗೊಳಿಸಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಡಬ್ಲ್ಯುಸಿಎಜಿ ಎಂಬ, ವೆಬ್ ಎಲ್ಲರಿಗೂ ಎಟುಕಬೇಕೆನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟ ಕೇಳುವುದು ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ.

ಈಗ ಗುಮಾಸ್ತರೇ ನೋಟಿಸನ್ನು ಯುನಿಕೋಡ್‌ನಲ್ಲಿ ಟೈಪಿಸುತ್ತಾರೆ. ಪಿಡಿಎಫ್ ಬೇಕೇ ಬೇಕೆಂದಾಗ ವರ್ಡ್‌ನಲ್ಲಿ ಶೀರ್ಷಿಕೆಗಳನ್ನು ಗುರುತಿಸಿ, ಅಲ್ಲಿಂದಲೇ ಪಿಡಿಎಫ್ ಆಗಿ ಉಳಿಸಲು ಹೇಳಿದ್ದೇನೆ. ಸಹಿ, ಸೀಲು ಹಾಕಿ ಸ್ಕ್ಯಾನ್ ಮಾಡಿದ್ದು ಬಂದರೆ ಅದು ಬರೀ ಚಿತ್ರ; ಅದರ ಪಠ್ಯವನ್ನೂ ಕಳಿಸಿದ ಮೇಲೆಯೇ ಸೈಟಿಗೆ ಏರಿಸುತ್ತೇನೆ.