ನಿಮ್ಮ ಊರಿನಲ್ಲೇ ಮಿಸ್ಟರಿ ಶಾಪಿಂಗ್ ಕೆಲಸ ಹುಡುಕುವವರಿಗೆ

ಸಾಮಾನ್ಯ ಗ್ರಾಹಕರಂತೆ ಅಂಗಡಿಗೆ ಹೋಗಿ, ಅಲ್ಲಿನ ಸೇವೆಯನ್ನು ಗಮನಿಸಿ ವರದಿ ಬರೆಯುವ ಈ ಕೆಲಸವನ್ನು ಸಾಮಾನ್ಯವಾಗಿ ಅಂಗಡಿಯವರು ನೇರವಾಗಿ ಕೊಡುವುದಿಲ್ಲ. ಅವರು ನೇಮಿಸಿಕೊಂಡ ಸಂಶೋಧನಾ ಸಂಸ್ಥೆಗಳು ಕೊಡುತ್ತವೆ. ಆದ್ದರಿಂದ ಭಾರತದಲ್ಲಿ ಕೆಲಸ ಮಾಡುತ್ತಿರುವ ಬೇರ್ ಇಂಟರ್‌ನ್ಯಾಷನಲ್‌ನಂತಹ ಮೂರು ನಾಲ್ಕು ಸಂಸ್ಥೆಗಳ ಅಧಿಕೃತ ಜಾಲತಾಣಗಳಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಿ.

ವಿಳಾಸದ ಜೊತೆಗೆ ಪಿನ್ ಕೋಡ್, ವಯಸ್ಸು, ನಿಮ್ಮಲ್ಲಿರುವ ವಾಹನ ಮತ್ತು ಬಲ್ಲ ಭಾಷೆಗಳನ್ನು ಸರಿಯಾಗಿ ತುಂಬುವುದು ಮುಖ್ಯ, ಏಕೆಂದರೆ ಕಾರು ಷೋರೂಮ್‌ಗೆ ಕಾರಿನ ಮಾಲೀಕರನ್ನೂ ತುಮಕೂರಿನ ಬ್ಯಾಂಕ್ ಶಾಖೆಗೆ ಆ ಊರಿನವರನ್ನೂ ಆರಿಸುವುದು ಈ ವಿವರಗಳ ಆಧಾರದ ಮೇಲೆಯೇ. ಬೆಂಗಳೂರಿನಲ್ಲಿ ಅವಕಾಶಗಳು ಹೆಚ್ಚು. ಸಣ್ಣ ಊರಿನವರು ಪಕ್ಕದ ಪಟ್ಟಣಗಳನ್ನೂ ಸೇರಿಸಿಕೊಳ್ಳುವುದು ಒಳಿತು, ಆದರೆ ಒಪ್ಪಿಕೊಳ್ಳುವ ಮೊದಲು ಬಸ್ ಖರ್ಚನ್ನು ಲೆಕ್ಕ ಹಾಕಿ. ಹಣ ಕೈಸೇರುವುದು ವರದಿ ಅಂಗೀಕಾರವಾದ ಮೇಲೆ, ಕೆಲವೊಮ್ಮೆ ವಾರಗಳ ನಂತರ; ಬಿಲ್ ಕಳೆದುಕೊಂಡರೆ ಖರೀದಿಯ ಹಣವೂ ಮರಳದಿರಬಹುದು. ಇದನ್ನು ಸಂಬಳದಂತೆ ನೆಚ್ಚಿಕೊಳ್ಳಬೇಡಿ ಎಂದು ಕಳಕಳಿಯಿಂದ ಹೇಳುತ್ತಿದ್ದೇನೆ.

ನೋಂದಣಿ ಶುಲ್ಕ ಅಥವಾ ಠೇವಣಿ ಕೇಳುವವರು, ಟೆಲಿಗ್ರಾಂನಲ್ಲಿ ದಿನಕ್ಕೆ ಸಾವಿರಾರು ರೂಪಾಯಿಯ ಆಸೆ ತೋರಿಸಿ ಒಟಿಪಿ ಕೇಳುವವರು ಖಂಡಿತವಾಗಿಯೂ ವಂಚಕರು. ಅಂಥವರಿಗೆ ಈಗಾಗಲೇ ಹಣ ಕಳಿಸಿದ್ದರೆ ಸಂಕೋಚಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.